ಯಾರೂ ಕೊಳ್ಳದ ಪ್ಲೇಟಿನ ಚಂದ್ರಾವತಿ

ಚಂದ್ರಾವತಿ ತನ್ನ ಜೀವಮಾನದಲ್ಲಿ ಹಾಡಿ ಹೊರತಂದದ್ದು ಒಂದೇ ಒಂದು ಗ್ರಾಮಫೋನ್ ಪ್ಲೇಟು. ಪದ ಅವಳದೇ, ರಾಗವೂ ಅವಳದೇ. ಕಾಸರಗೋಡಿನ ಕೋರ್ಟಿನೆದುರು ಅರ್ಜಿ ಬರೆದು ಸಂಸಾರ ತೂಗಿಸಿದವರ ಮಗಳು. ಬರೆದದ್ದನ್ನು ಹೊಡೆದುಹಾಕುವ ಜಾತಿಯಲ್ಲ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ ಮದರಾಸಿನ ಒಂದು ಸಣ್ಣ ಕಂಪನಿ ಕರೆಯಿತೆಂದು ಸೋದರಮಾವನ ಜತೆ ರೈಲು ಹತ್ತಿದಳು. ಸ್ಟುಡಿಯೋದಲ್ಲಿ ಕಂಪನಿಯ ಮನುಷ್ಯ ಹಾಡಿಗೆ ತಲೆದೂಗುತ್ತ ಕೂತವನು, ಒಂದು ಸಾಲು ಬಂದಾಗ ಹುಣಿಸೆಹಣ್ಣು ಚೀಪಿದಂತೆ ಮುಖ ಮಾಡಿದ.

“ಈ ಸಾಲು ತೆಗೆದುಬಿಡಮ್ಮ. ಕೇಳುವವರಿಗೆ ಅನ್ನ ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.”

“ಸಿಕ್ಕಲಿ ಅಂತಲೇ ಬರೆದದ್ದು.”

ಸೋದರಮಾವ ಮೇಜಿನಡಿ ಅವಳ ಕಾಲು ತುಳಿದರು. ಅವಳು ಜಗ್ಗಲಿಲ್ಲ. ಸಾಲು ಉಳಿಯಿತು, ಪ್ಲೇಟೂ ಬಂತು. ಕಂಪನಿ ಮಾತ್ರ ಮತ್ತೆ ಅವಳ ಕಡೆ ತಲೆ ಹಾಕಲಿಲ್ಲ. ಅಂಗಡಿಗಳಲ್ಲಿ ಪ್ಲೇಟು ಧೂಳು ತಿಂದಿತು. ಒಂದು ಸಾಲಿನ ಹಟಕ್ಕೆ ಅನ್ನದ ದಾರಿಗೇ ಕಲ್ಲು ಹಾಕಿಕೊಂಡಳು ಎಂದು ಊರು ನಕ್ಕಿತು.

ಅವಳು ಅತ್ತುಕೊಂಡು ಕೂರಲಿಲ್ಲ. ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆಯಾದಳು. ಅರವತ್ತೆಂಟರ ಮುಷ್ಕರದಲ್ಲಿ ಗೇಟಿನೆದುರು ಕೂತು ಘೋಷಣೆ ಕೂಗಿ ಗಂಟಲು ಹರಿದುಕೊಂಡಳು. ಆದರೆ “ಒಂದು ಹಾಡು ಹೇಳಿ ಚೇಚಿ” ಎಂದು, ಅಲ್ಲಿಯ ವಾಡಿಕೆಯಂತೆ ಅಕ್ಕ ಎನ್ನುತ್ತ, ಯಾರಾದರೂ ಕೇಳಿದರೆ, “ನನಗೆ ಬರುವುದಿಲ್ಲ” ಅನ್ನುತ್ತಿದ್ದಳು. ಹೊಸ ಪದ ಕಟ್ಟುವುದನ್ನಂತೂ ಬಿಟ್ಟೇಬಿಟ್ಟಿದ್ದಳು.

ಎಪ್ಪತ್ತಮೂರರಲ್ಲಿ ಒಂದು ದಿನ ಕಚೇರಿಯ ಕ್ಯಾಂಟೀನಿನಲ್ಲಿ ನೀರು ಚಾಯ ತಂದವನಿಗೆ ಅವಳು ಮಲಯಾಳದಲ್ಲಿ ಮಂಗಳಾರತಿ ಎತ್ತುತ್ತಿದ್ದಳು. ಪಕ್ಕದ ಮೇಜಿನಿಂದ ಒಬ್ಬ ಎದ್ದುಬಂದ.

“ನೀವು ಆ ಊಟದ ಹಾಡಿನ ಚಂದ್ರಾವತಿ ಅಲ್ವಾ?”

“ಅಲ್ಲ.”

“ಹೌದು ಮಾರಾಯ್ರೆ! ಬೈಯುವಾಗಲೂ ಅದೇ ಸ್ವರ ಉಂಟು.”

ಅವನು ಉಪೇಂದ್ರ, ಪುತ್ತೂರಿನ ಕಡೆಯವನು, ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕಿನ ನೌಕರ, ಕೆಲಸದ ಮೇಲೆ ತಿರುವನಂತಪುರಕ್ಕೆ ಬಂದಿದ್ದ. ಅವನ ಮನೆಯಲ್ಲಿ ಭಾನುವಾರಗಳಂದು ಪ್ಲೇಟು ಕೇಳುವ ಒಂದು ಕೂಟ. ನಿಯಮ ಒಂದೇ: ಸ್ವಂತ ಹಾಡು ಕಟ್ಟಿ ಹಾಡಿದವರ ಪ್ಲೇಟೇ ಆಗಬೇಕು, ಅದೂ ಯಾರೂ ಕೊಳ್ಳದ್ದಾಗಿರಬೇಕು. ಹೆಸರಾದವರ ಪ್ಲೇಟು ತಂದವನಿಗೆ ಆ ದಿನ ಚಾಯವೂ ಇಲ್ಲ. “ನಿಮ್ಮ ಹಾಡು ಹಾಕದೆ ನಾವು ಎಲೆಗೆ ಕೈ ಹಾಕುವುದಿಲ್ಲ ಅಕ್ಕ. ಒಮ್ಮೆ ಬರಬೇಕು,” ಎಂದ.

ಬರುವುದಿಲ್ಲ ಎಂದವಳು ಆ ವಾರವೇ ಕೊಚ್ಚಿಗೆ ಹೊರಟಳು. ತನ್ನ ಸಾಲನ್ನು ಯಾರೋ ಇಷ್ಟು ವರ್ಷ ಕೇಳುತ್ತ ಬಂದಿದ್ದಾರೆ ಅನ್ನುವುದು ಎದೆಯೊಳಗೆ ಇಲಿಯ ಹಾಗೆ ಓಡಾಡುತ್ತಿತ್ತು.

ಭಾನುವಾರ ಬಾಗಿಲು ತೆರೆದದ್ದು ಉಪೇಂದ್ರನ ಹೆಂಡತಿ ವಿಜಯಾ. ಕೈ ತುಂಬ ತೆಂಗಿನಕಾಯಿ ತುರಿ. “ಬನ್ನಿ ಅಕ್ಕ,” ಎಂದವಳೇ ಒಳಗೆ ಓಡಿದಳು, ಏನೋ ಉಕ್ಕುತ್ತಿತ್ತು. ಪಡಸಾಲೆಯಲ್ಲಿ ಇನ್ನಿಬ್ಬರು. ಕಳಮಶ್ಶೇರಿಯ ಕಾರ್ಖಾನೆಯ ರಾಧಾಕೃಷ್ಣ, ತೆಂಗಿನ ನಾರು ಹೊಸೆಯುವವನೊಬ್ಬ ತಾನೇ ಕಟ್ಟಿ ಹಾಡಿದ ಮಲಯಾಳ ಎಲ್‌ಪಿ ತಂದಿದ್ದ. ಮೈಸೂರಿನ ನಟರಾಜ ತಂದ ತಮಿಳು ಪ್ಲೇಟಿನ ಹೊದಿಕೆಯನ್ನು ಗೆದ್ದಲು ತಿಂದು, ಹಾಡಿದವನ ಮೀಸೆ ಮಾತ್ರ ಉಳಿದಿತ್ತು. “ಮೂತಿ ಹೋದ್ರೇನ್ ಮೇಡಂ, ಧ್ವನಿ ಕೇಳಿ,” ಎಂದ ನಟರಾಜ. ಅಳುವಂಥ ಧ್ವನಿ, ನಗಿಸುವಂಥ ಪದ. ಎಷ್ಟು ಮಂದಿ ತನ್ನ ಹಾಗೆಯೇ ಹಾಡಿ ಮಣ್ಣಾಗಿದ್ದಾರಲ್ಲ ಎಂದು ಚಂದ್ರಾವತಿಗೆ ಸಂಕಟವೂ ಆಯಿತು, ಸಮಾಧಾನವೂ ಆಯಿತು.

ಎಲೆ ಹಾಕಿದರು. ಉಪೇಂದ್ರ ಅವಳ ಪ್ಲೇಟನ್ನು ಕೂಸಿನ ಹಾಗೆ ಎರಡು ಕೈಯಲ್ಲಿ ತಂದು ಮುಳ್ಳು ಇಟ್ಟ. ಇಪ್ಪತ್ತರ ಹುಡುಗಿಯ ಸ್ವರ ಹೊರಟಿತು. ಮೂವರು ಗಂಡಸರೂ ಕಣ್ಣುಮುಚ್ಚಿ ದನಿಗೂಡಿಸಿದರು:

ಎಲೆಯ ಮುಂದೆ ಮನೆಮಂದಿಯೆಲ್ಲ,
ಅನ್ನದ ಮೇಲೆ ತುಪ್ಪ ಬೆಲ್ಲ...

ಟಕ್ ಎಂದು ಮುಳ್ಳು ಹಾರಿತು. ಹಾರುವುದಕ್ಕೆ ಸರಿಯಾಗಿ ಮೂವರೂ ಒಂದು ಚಪ್ಪಾಳೆ ಹೊಡೆದು ಮುಂದುವರಿಸಿದರು:

ನಮ್ಮ ಮನೆಯಲ್ಲಿ ಕೊರತೆಯೇ ಇಲ್ಲ.

ಚಂದ್ರಾವತಿ ಪ್ಲೇಟಿನತ್ತ ಬಗ್ಗಿ ನೋಡಿದಳು. ಗೀರು ಬಿದ್ದ ಜಾಗದಲ್ಲಿ ಹೋದದ್ದು ಮದರಾಸಿನಲ್ಲಿ ಹಟ ಹಿಡಿದು ಉಳಿಸಿಕೊಂಡ ಅದೇ ಸಾಲು.

“ಲಾಡ್ಜಿನ ಅನ್ನ ತಿಂದು ನಾಲಿಗೆ ಸತ್ತಿದ್ದಾಗ ಇದನ್ನು ಹಾಕಿ ಹಾಕಿ ಅಳುತ್ತಿದ್ದೆ ಅಕ್ಕ,” ಎಂದ ಉಪೇಂದ್ರ, ಕಣ್ಣು ಒರೆಸಿಕೊಳ್ಳುತ್ತ. “ಅಮ್ಮ ಬಡಿಸಿದ ಹಾಗೆ ಆಗ್ತದೆ. ಪ್ಲೇಟು ನನಗೆ ಸಿಕ್ಕಿದಾಗಲೇ ಗೀರಿತ್ತು. ಸ್ವಲ್ಪ ಸಂಗೀತ ಹೋಗಿರಬೇಕು, ಅಲ್ವಾ?”

ಹೌದು ಎಂದುಬಿಡಬಹುದಿತ್ತು. ಇಷ್ಟು ಪ್ರೀತಿಯಿಂದ ಯಾರೂ ಅವಳನ್ನು ಕೇಳಿರಲಿಲ್ಲ. ಹೌದು ಎಂದರೆ ಆ ಪ್ರೀತಿ ಹಾಗೇ ಉಳಿಯುತ್ತಿತ್ತು, ಸಾಲು ಸಾಯುತ್ತಿತ್ತು.

“ಸಂಗೀತ ಅಲ್ಲ, ಒಂದು ಸಾಲು,” ಎಂದು ಗಂಟಲು ಸರಿ ಮಾಡಿಕೊಂಡು, ಒಂಬತ್ತು ವರ್ಷದ ಮೇಲೆ, ಹಾಡಿದಳು:

ಬಡಿಸಿದ ಕೈಗೆ ತಳ ಹಿಡಿದನ್ನ.

ಉಪೇಂದ್ರ ಎಲೆ ನೋಡುತ್ತ ಕೂತ. ನಟರಾಜನೇ ಬಾಯಿಬಿಟ್ಟ. “ತಪ್ಪು ತಿಳ್ಕೋಬೇಡಿ ಮೇಡಂ. ಆ ಸಾಲಿಲ್ದೇನೇ ಚೆನ್ನಾಗಿತ್ತು.”

ಚಂದ್ರಾವತಿಗೆ ಸಿಟ್ಟು ಬರಬೇಕಿತ್ತು. ನಗು ಬಂತು. “ಮದರಾಸಿನವನೂ ಹಾಗೇ ಅಂದಿದ್ದ. ನೀವಾದರೂ ಊಟ ಹಾಕಿ ಹೇಳ್ತಿದ್ದೀರಿ.”

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಗೆ ವಿಜಯಾ ಬಂದು ನಿಂತಿದ್ದಳು. ಕೈಯಲ್ಲಿ ಸೌಟು, ಹಣೆಯಲ್ಲಿ ಬೆವರು. ಪ್ರತಿ ಭಾನುವಾರ ಗೋಡೆಯ ಆಚೆಯಿಂದ ಈ ಹಾಡು ಕೇಳಿ ಕೇಳಿ ಅವಳ ಕಿವಿ ಜಡ್ಡುಗಟ್ಟಿತ್ತು.

“ಅಕ್ಕ, ಅದೆಂತ ಸಾಲು? ಒಗ್ಗರಣೆ ಸದ್ದಿನಲ್ಲಿ ಅರ್ಧ ಕೇಳಿತು. ಇಲ್ಲೇ ಬಂದು ಹೇಳಿ.”

ಚಂದ್ರಾವತಿ ಎಲೆ ಬಿಟ್ಟು ಎದ್ದು ಒಳಗೆ ಹೋದಳು. ಒಲೆಯ ಪಕ್ಕ ಮಣೆಯ ಮೇಲೆ ಕೂತು ಹಾಡನ್ನು ಮೊದಲಿಂದ ಹೇಳಿದಳು, ಆ ಸಾಲು ಸೇರಿಸಿ. ವಿಜಯಾ ಸೌಟು ಆಡಿಸುವುದನ್ನೇ ಮರೆತಳು. ಮುಗಿದಾಗ ಸೆರಗಿನಿಂದ ಮೂಗು ಒರೆಸಿಕೊಂಡಳು.

“ಇಷ್ಟು ದಿನ ಈ ಹಾಡು ಕಂಡರೆ ನನಗಾಗುತ್ತಿರಲಿಲ್ಲ ಅಕ್ಕ. ನನ್ನ ಹೊಟ್ಟೆ ಉರಿಸಲಿಕ್ಕೇ ಯಾವಳೋ ಹಾಡಿದ್ದು ಅಂತ ಇದ್ದೆ. ಈಗ ಸರಿ ಉಂಟು.” ಒಂದು ಗಳಿಗೆ ಯೋಚಿಸಿ ಮತ್ತೆ ಹೇಳಿದಳು: “ಆದರೂ ಹಾಡಿನಲ್ಲಿ ಇನ್ನೊಂದು ಹೇಳಬೇಕಿತ್ತು. ಈ ಮನೆಯಲ್ಲಿ ಬೆಕ್ಕಿಗೂ ನನಗಿಂತ ಮೊದಲೇ ಹಾಲು.”

ಚಂದ್ರಾವತಿ ಮಣೆಯ ಅಂಚಿನ ಮೇಲೆ ಬೆರಳಿನಿಂದ ತಾಳ ಹಾಕಿ ನೋಡಿದಳು. “‘ನನಗಿಂತ’ ಬೇಡ, ಉದ್ದವಾಯಿತು. ಬೆಕ್ಕಿಗೂ ಹಾಲು ಬಡಿಸಿದ ಮೊದಲೇ... ಛೆ, ಕುಂಟುತ್ತದೆ. ನೀನು ಇನ್ನೊಮ್ಮೆ ಹೇಳು ನೋಡುವ, ಮಾತಾಡಿದ ಹಾಗೇ ಹೇಳು.”

“ವಿಜಯಾ, ಸಾರು!” ಹೊರಗಿನಿಂದ ಉಪೇಂದ್ರನ ಸ್ವರ, ತುಸು ಅಳುಕುತ್ತ.

“ತಡೀರಿ,” ಎಂದಳು ವಿಜಯಾ, ತಿರುಗಿಯೂ ನೋಡದೆ, ಮತ್ತೊಂದು ಮಣೆ ಎಳೆದುಕೊಂಡು ಕೂತಳು.