ಕಡಲಿಲ್ಲದ ದೇಶಕ್ಕೆ ಬ್ಲೂಬೆರ್ರಿ

ನ್ಯೂಜೆರ್ಸಿಯಲ್ಲಿ ಬ್ಲೂಬೆರ್ರಿ ಬೆಳೆಯುತ್ತದೆ ಎಂದು ನನಗೆ ತಿಳಿದದ್ದು ಅದನ್ನು ಡ್ರಿಲ್ ಹಿಡಿದು ಕೊರೆದಾಗ. ಎಂಬತ್ತರ ದಶಕದ ನಡುವಿನ ಮಾತು. ಎಲಿಜಬೆತ್ ಬಂದರಿನ ಹಿಂದಿನ ರಸ್ತೆಯಲ್ಲಿ, ಹೆಪ್ಪುಗಟ್ಟಿಸಿದ ಹಣ್ಣುಗಳನ್ನು ಹೊರದೇಶಗಳಿಗೆ ಕಳುಹಿಸುವ ಒಂದು ಸಣ್ಣ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಕಾಗದಪತ್ರ ಟೈಪ್ ಮಾಡುವುದು ನನ್ನ ಕೆಲಸ. ಆದರೆ ಇದ್ದವರೇ ನಾಲ್ಕು ಜನ. ಹಾಗಾಗಿ ಕೋಲ್ಡ್ ಸ್ಟೋರೇಜಿಗೆ ಹೋಗಿ, ಗಟ್ಟಿಕಟ್ಟಿದ ಹಣ್ಣಿನ ಪೆಟ್ಟಿಗೆಗೆ ತೂತು ಕೊರೆದು, ಥರ್ಮಾಮೀಟರ್ ತೂರಿಸಿ ಬರೆದುಕೊಳ್ಳುವುದೂ ನನ್ನ ಪಾಲಿಗೇ ಬರುತ್ತಿತ್ತು. ಸೀರೆ ಬಿಟ್ಟು ಪ್ಯಾಂಟು ಹಾಕಿದ್ದು ಫ್ಯಾಷನ್ನಿಗಲ್ಲ, ಆ ಚಳಿಗೆ. ಹತ್ತು ನಿಮಿಷಕ್ಕೆ ಬೆರಳು ಮರಗಟ್ಟುತ್ತಿದ್ದವು. ಪೆನ್ನು ಕೈಯಲ್ಲಿದೆಯೋ ಬಿದ್ದಿದೆಯೋ ಎಂದು ನೋಡಿಯೇ ತಿಳಿಯಬೇಕಿತ್ತು.

ಆ ಬೇಸಗೆಯಲ್ಲಿ ಕಠ್ಮಂಡುವಿನಿಂದ ಒಬ್ಬ ಗಿರಾಕಿ ಸಿಕ್ಕಿದ. ಅವನ ಮುಖ ನಾನು ಕಂಡಿಲ್ಲ, ದನಿ ಮಾತ್ರ ಗೊತ್ತು. ಅಲ್ಲಿ ಸಂಜೆಯಾದಾಗ ನಮಗೆ ಬೆಳಿಗ್ಗೆ. ನಾನು ಆಫೀಸಿಗೆ ಬಂದು ಕೈಚೀಲ ಇಳಿಸುವಷ್ಟರಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಹಿಂದಿಯಲ್ಲಿ ಮಾತು, ನನ್ನನ್ನು ‘ದೀದಿ’ ಎನ್ನುತ್ತಿದ್ದ. ಬೆಟ್ಟ ಹತ್ತಲು ಬರುವ ಬಿಳಿಯರು ಇಳಿದು ಬಂದ ಕೂಡಲೇ ಬ್ಲೂಬೆರ್ರಿ ತುಂಬಿ ಬೇಯಿಸಿದ ಪೈ ಕೇಳುತ್ತಾರಂತೆ, ಐಸ್‌ಕ್ರೀಂ ಕೇಳುತ್ತಾರಂತೆ. ಅದನ್ನು ನಂಬಿ ಅವನು ತಂದೆಯ ಕಾಲದ ಬಟ್ಟೆ ಅಂಗಡಿ ಮುಚ್ಚಿ, ಅದೇ ಜಾಗದಲ್ಲಿ ಶೀತಲ ಕೋಣೆ ಕಟ್ಟಿಸಿದ್ದ. ತಂದೆ ಅವನ ಜೊತೆ ಮಾತು ಬಿಟ್ಟಿದ್ದರು.

“ಹಣ್ಣು ಕಲ್ಲಿನ ಹಾಗೆ ಬರಬೇಕು ದೀದಿ. ಅಪ್ಪನ ಕೈಲಿ ಒಂದು ಇಡ್ತೀನಿ. ಆಮೇಲೆ ನೋಡೋಣ ಮಾತಾಡ್ತಾರೋ ಇಲ್ವೋ,” ಎಂದು ನಗುತ್ತಿದ್ದ.

ಅವನ ದೇಶಕ್ಕೆ ಕಡಲಿಲ್ಲ. ಹಡಗು ಕಲ್ಕತ್ತದವರೆಗೆ ಮಾತ್ರ. ಅಲ್ಲಿ, ಒಳಗೇ ಫ್ರಿಜ್ ಇರುವ ಕಂಟೇನರನ್ನು ತೆರೆದು, ಅವನು ತರಿಸಿ ನಿಲ್ಲಿಸಿದ ಥರ್ಮಾಕೋಲ್ ಬಡಿದ ಲಾರಿಗಳಿಗೆ ಹಣ್ಣು ತುಂಬಿ, ಬಿಹಾರ ದಾಟಿಸಿ ಬೆಟ್ಟ ಹತ್ತಿಸಬೇಕು. ಬಂದರಿನಲ್ಲಿ ಎರಡು ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ, ಅಲ್ಲಿನ ಕರೆಂಟನ್ನು ನಂಬುವಂತಿಲ್ಲ ಎಂದು ಅವನು ಮತ್ತೆ ಮತ್ತೆ ಹೇಳಿದ್ದ.

ಕಂಟೇನರು ತುಂಬುವ ವಾರದಲ್ಲಿ ಮೈಸೂರಿನಲ್ಲಿ ನನ್ನ ಅಮ್ಮ ತೀರಿಕೊಂಡಳು. ಅಣ್ಣನಿಗೆ ಟ್ರಂಕ್ ಕಾಲ್ ಸಿಗುವಷ್ಟರಲ್ಲಿ ದಹನವೂ ಮುಗಿದಿತ್ತು. ಹೊರಡಬೇಕೆಂದೆ. “ಈಗ ಬಂದು ಏನು ಮಾಡ್ತೀಯ?” ಎಂದ ಅಣ್ಣ. ಮದುವೆಯಾದ ಮಗಳಿಗೆ ಮೂರೇ ದಿನದ ಸೂತಕ. ಓಲ್ಡ್ ಬ್ರಿಡ್ಜ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಮೂರು ದಿನ ಕೂತೆ, ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡೆ, ಗಂಡ ಕಾರಿನಲ್ಲಿ ಆಫೀಸಿಗೆ ಬಿಟ್ಟ. ಅಳು ಬರಲಿಲ್ಲ. ಬರುತ್ತದೆ ಎಂದು ಮೂರು ದಿನ ಕಾದಿದ್ದೆ, ನೆಂಟರಿಗೆ ಕಾದ ಹಾಗೆ. ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ, ಫ್ಲೂ ಎಂದೆ.

ಆ ದಿನವೇ ಕಠ್ಮಂಡುವಿನ ಸರಕಿಗೆ ಹಡಗಿನ ಕಾಗದ ಟೈಪ್ ಮಾಡಿದ್ದು. ನಾಲ್ಕು ಪ್ರತಿ, ನಡುವೆ ಕಾರ್ಬನ್. ಇಳಿಸುವ ಬಂದರು ಎಂಬಲ್ಲಿ ಕಲ್ಕತ್ತ. ಕೊನೆಯ ಸ್ಥಳ, ದೇಶ ಎಂಬಲ್ಲಿಯೂ ಕಲ್ಕತ್ತ, ಇಂಡಿಯಾ. ಗಿರಾಕಿಯ ವಿಳಾಸದಲ್ಲಿ ಅಂಗಡಿಯ ಹೆಸರು, ಬೀದಿ, ಕಠ್ಮಂಡು. ಅಲ್ಲಿಗೆ ನಿಲ್ಲಿಸಿದೆ, ಧಾರವಾಡ ಎಂದು ಬರೆದು ನಿಲ್ಲಿಸಿದ ಹಾಗೆ. ಧಾರವಾಡದ ಮುಂದೆ ಯಾರು ದೇಶದ ಹೆಸರು ಬರೆಯುತ್ತಾರೆ?

ಇದನ್ನು ಒಬ್ಬ ಅಮೆರಿಕದ ಹುಡುಗಿ ಮಾಡುತ್ತಿರಲಿಲ್ಲ. ಖಾಲಿ ಜಾಗದಲ್ಲಿ ದೇಶ ಎಂದಿದ್ದರೆ ಅವಳು ಅಟ್ಲಾಸ್ ನೋಡಿ ಬರೆಯುತ್ತಿದ್ದಳು. ನನಗೆ ಅಟ್ಲಾಸ್ ಬೇಕಿರಲಿಲ್ಲ, ನಮ್ಮಮ್ಮ ಹೋಗಿ ಬಂದಿದ್ದಳಲ್ಲ! ಕೆಲವು ವರ್ಷಗಳ ಹಿಂದೆ ಭಜನಾ ಮಂಡಳಿಯವರ ಬಸ್ಸಿನಲ್ಲಿ ಕಾಶಿಗೆ ಹೋದವಳು, ಹಾಗೇ ಕಠ್ಮಂಡುವಿನ ಪಶುಪತಿನಾಥನನ್ನೂ ನೋಡಿ ಬಂದಿದ್ದಳು. ಪಾಸ್‌ಪೋರ್ಟಿಲ್ಲ, ವೀಸಾ ಇಲ್ಲ, ಬುತ್ತಿಯಲ್ಲಿ ಚಟ್ನಿಪುಡಿ. ನನಗೆ ಕಾಗದ ಬರೆದಿದ್ದಳು: ‘ಬೇರೆ ದೇಶ ಅಂತ ಅನ್ನಿಸಲೇ ಇಲ್ಲ ಕಣೇ. ನಮ್ಮ ನಂಜನಗೂಡಿಗೆ ಹೋದ ಹಾಗೇ ಇತ್ತು.’

ಮಾಲೀಕ ವಯಸ್ಸಾದವನು, ಎಲ್ಲ ಕಾಗದವನ್ನೂ ಒಮ್ಮೆ ಕಣ್ಣಾಡಿಸಿ ಸಹಿ ಹಾಕುವವನು. ಅಂದು ನನ್ನನ್ನೇ ಕೇಳಿದ: “ಇಷ್ಟೇ ಸಾಕಾ? ಇಟ್ಸ್ ಯುವರ್ ಪಾರ್ಟ್ ಆಫ್ ದ ವರ್ಲ್ಡ್.” ಸಾಕು ಎಂದೆ. ನಮ್ಮ ಕಡೆಯ ವಿಷಯ ನನಗಲ್ಲದೆ ಇನ್ಯಾರಿಗೆ ಗೊತ್ತು ಎಂಬ ಜಂಬವೂ ಆ ಮಾತಿನಲ್ಲಿತ್ತು. ಅಮ್ಮ ಸತ್ತ ನಾಲ್ಕನೆಯ ದಿನವೂ ಮನುಷ್ಯರಿಗೆ ಜಂಬ ಇರುತ್ತದೆ, ನೋಡಿ.

ಹಡಗು ಕಲ್ಕತ್ತ ಮುಟ್ಟಿದ್ದು ಅಕ್ಟೋಬರಿನ ಮೊದಲಲ್ಲಿ. ಮರುದಿನ ಬೆಳಿಗ್ಗೆಯೇ ಫೋನು.

“ದೀದಿ, ಕಸ್ಟಮ್ಸಿನವರು ಬಿಡ್ತಿಲ್ಲ. ಸರಕು ಇಂಡಿಯಾಕ್ಕೇ ಬಂದಿದೆ, ಇಂಡಿಯಾದ ಲೈಸೆನ್ಸ್ ತೋರಿಸು ಅಂತಾರೆ. ನಮ್ಮ ದೇಶಕ್ಕೆ ಹೋಗೋ ಸರಕು ಅಂತ ಕಾಗದದಲ್ಲಿ ಎಲ್ಲೂ ಇಲ್ವಂತೆ.”

ಪ್ರತಿ ತೆಗೆದು ನೋಡಿದೆ. ಎಲ್ಲೂ ಇರಲಿಲ್ಲ. ಬೇರೆ ಯಾರದೋ ತಪ್ಪನ್ನು ಓದಿದಂತೆ ಓದಿದೆ. ಮಾಲೀಕನಿಗೆ ಹೇಳಿದೆ, ಅವನು ಹಡಗು ಕಂಪನಿಗೆ ಹೇಳಿದ. ತಿದ್ದಿದ ಕಾಗದ ಕೊರಿಯರಿನಲ್ಲಿ ಹೊರಟಿತು. ಅದು ತಲುಪಿದ ದಿನ ಕಲ್ಕತ್ತದಲ್ಲಿ ದುರ್ಗಾಪೂಜೆ ಶುರುವಾಗಿ ಆಫೀಸುಗಳು ಮುಚ್ಚಿದ್ದವು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜೆಯೇ ಅಡ್ಡ ಬಂತು.

ಆ ದಿನಗಳಲ್ಲಿ ನಮ್ಮ ಕಡೆಯವರ ಮನೆಗಳಲ್ಲಿ ಬೊಂಬೆ ಕೂರಿಸಿದ್ದರು. ಅರಿಶಿನ ಕುಂಕುಮಕ್ಕೆ ಕರೆದಲ್ಲೆಲ್ಲ ಹೋದೆ. ಬೊಂಬೆಯ ಮುಂದೆ ಹಂಚುವ ಚರ್ಪು ತಿನ್ನುತ್ತ, ಬಂದರಿನಲ್ಲಿ ನಿಂತ ಪೆಟ್ಟಿಗೆಯನ್ನು ನೆನೆಯುತ್ತಿದ್ದೆ. ಲೋಡ್ ಶೆಡ್ಡಿಂಗ್ ಎಷ್ಟು ಹೊತ್ತು? ಜನರೇಟರ್ ಹಾಕುವವನೂ ಪೂಜೆಗೆ ಹೋಗಿದ್ದಾನೆಯೇ? ಮನೆಗೆ ಬರುವಾಗ ಕಾರಿನಲ್ಲಿ ಗಂಡ ಕೇಳಿದ: “ಯಾಕೇ ಹೀಗಿದೀಯ? ಅಮ್ಮನ ನೆನಪಾ?”

“ಇಲ್ಲ ರೀ, ಬ್ಲೂಬೆರ್ರಿ,” ಎಂದೆ. ಅದು ನಿಜವಾಗಿತ್ತು. ಅಮ್ಮನ ನೆನಪು ಬರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಗಳು ತಿನ್ನುವುದಕ್ಕೆಂದು ತಿಳಿದು, “ಕ್ಯಾನ್ ಐ ಹ್ಯಾವ್ ಸಮ್?” ಎಂದಳು.

ರಜೆ ಮುಗಿದು ಕಂಟೇನರು ತೆರೆದ ದಿನದ ಸಂಜೆ ಅವನು ಕಲ್ಕತ್ತದಿಂದಲೇ ಫೋನ್ ಮಾಡಿದ. ಬಾಗಿಲು ತೆರೆದಾಗ ಮೊದಲು ಬಂದದ್ದು ನೀಲಿ ನೀರಂತೆ. ಅವನ ಚಪ್ಪಲಿಯೆಲ್ಲ ಬಣ್ಣವಾಯಿತಂತೆ. ಕೂಗಾಡುತ್ತಾನೆ ಎಂದು ಕಾದೆ, ಕೂಗಾಡಲಿ ಎಂದು ಬಯಸಿದೆ. ಅವನು ಮೆಲ್ಲಗೆ ಕೇಳಿದ:

“ದೀದಿ, ಒಂದು ಮಾತು. ನಮ್ಮ ದೇಶದ ಹೆಸರು ಯಾಕೆ ಬರೀಲಿಲ್ಲ?”

ಮರೆತೆ ಎನ್ನಬಹುದಿತ್ತು. ಆದರೆ ಮರೆತಿರಲಿಲ್ಲ. ಬರೆಯಬೇಕೆಂದು ಅನ್ನಿಸಿಯೇ ಇರಲಿಲ್ಲ. ಅದನ್ನೇ ಹೇಳಿದೆ. “ನಮ್ಮಮ್ಮ ಪಶುಪತಿಗೆ ಬಂದಿದ್ದರು. ಬೇರೆ ದೇಶ ಅಂತ ಅನ್ನಿಸಲೇ ಇಲ್ಲ ಅಂದಿದ್ದರು. ಅದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.”



“ಅಮ್ಮನಿಗೆ ಹಾಗನ್ನಿಸಿದ್ದರೆ ಸಂತೋಷ,” ಎಂದ. “ನಮ್ಮ ಮನೆಗೆ ಯಾರೇ ಬಂದರೂ ಹೊರಗಿನವರು ಅನ್ನಿಸಬಾರದು ಅಂತ ನೋಡ್ಕೋತೀವಿ. ಆದರೆ ದೀದಿ, ಮನೆ ನಮ್ಮದು. ಬಾಗಿಲ ಮೇಲಿನ ಹೆಸರು ಅಳಿಸಬಾರದಿತ್ತು.”

“ತಪ್ಪಾಯ್ತು,” ಎಂದೆ. ಆ ಮಾತು ಎಷ್ಟು ಸಣ್ಣದೆಂದು ನನಗೇ ಕೇಳಿಸಿತು. ಇನ್ನೊಂದು ಕಂಟೇನರು ಕಳುಹಿಸಲು ಮಾಲೀಕ ಮೊದಲೇ ಒಪ್ಪಿದ್ದಾನೆ, ಹಣ ಬೇಡ ಎಂದಿದ್ದಾನೆ ಎಂದೂ ಹೇಳಿದೆ. ಅವನು ಬೇಡವೆಂದ. ನಮ್ಮ ಬೆಟ್ಟದಲ್ಲಿ ಸೇಬು ಬೆಳೆಯುತ್ತದೆ, ಯಾರ ಬಂದರನ್ನೂ ಕೇಳಬೇಕಿಲ್ಲ, ಸೇಬಿನ ಪೈ ಮಾಡುತ್ತೇನೆ ಎಂದ. ತಂದೆಯ ವಿಷಯ ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಫೋನಿಡುವ ಮೊದಲು, ನಮ್ಮ ಕಡೆಯ ಜನ ಜಗಳವಾಡಿದ ಮೇಲೂ ಕೇಳುವಂತೆ, ಕೇಳಿದ:

“ಅಮ್ಮ ಹೇಗಿದ್ದಾರೆ?”

“ಚೆನ್ನಾಗಿದ್ದಾರೆ,” ಎಂದೆ.

“ಮುಂದಿನ ಸಲ ಬಂದಾಗ ಧರ್ಮಶಾಲೆ ಬೇಡ, ನಮ್ಮ ಮನೇಲಿ ಇಳ್ಕೊಳ್ಲಿ. ಹೇಳಿ.”

“ಹೇಳ್ತೀನಿ.”

ಫೋನು ಇಟ್ಟೆ. ಅಮ್ಮ ಹೋಗಿ ಎರಡೂವರೆ ತಿಂಗಳಾದ ಮೇಲೆ, ಮೇಜಿನ ಮೇಲೆ ತಲೆಯಿಟ್ಟು ಅತ್ತೆ. ಜೋರಾಗಿಯೇ ಅತ್ತಿರಬೇಕು. ಮಾಲೀಕ ಒಳಗಿನಿಂದ ಎದ್ದು ಬಂದ, ಬಿಸಿ ಕಾಫಿಯ ಪೇಪರ್ ಕಪ್ಪನ್ನು ನನ್ನ ಮುಂದಿಟ್ಟು, ಭುಜ ತಟ್ಟಿದ.

“ಬಿಡಮ್ಮ,” ಎಂಬ ಅರ್ಥ ಬರುವ ಹಾಗೆ ಹೇಳಿದ, “ಇಟ್ಸ್ ಓನ್ಲಿ ಫ್ರೂಟ್.”

ಹೌದೆಂದು ತಲೆಯಾಡಿಸಿದೆ.