ಎಡಗೈಗೊಂದು ತಬಲ

ಪದ್ದುವಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಕೋಡಿ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳುವವರಿಗೇನು? ಅವರು ಮೂವತ್ತೈದು ವರ್ಷ ಮೀನಿನ ಬುಟ್ಟಿ ಹೊತ್ತು ಬಸ್ರೂರು, ಗುಲ್ವಾಡಿಯ ಮನೆಮನೆ ತಿರುಗಿದವರಲ್ಲ. ಬಂಗ್ಡೆಯ ಕಿವಿರು ಎತ್ತಿ ನೋಡಿ, ಮೂಸಿ, ನಾಲ್ಕು ಮಾತು ಅಂದು, ಕೊನೆಗೆ ಬೇಡ ಎಂದು ಬಾಗಿಲು ಹಾಕಿಕೊಳ್ಳುವವರ ಎದುರು ನಗುತ್ತ ನಿಂತವರಲ್ಲ. ಹೊತ್ತಾರೆಯಿಂದ ನುಂಗಿದ ಸಿಟ್ಟನ್ನು ಮನುಷ್ಯರು ಎಲ್ಲಾದರೂ ಕಕ್ಕಲೇಬೇಕು. ಪದ್ದು ಅದನ್ನು ಮನೆಗೆ ಬಂದು ಕಕ್ಕುತ್ತಿದ್ದಳು.

ಈಗ ಅವಳಿಗೆ ಅರವತ್ತರ ಹತ್ತಿರ. ಮಗ ಸುಧಾಕರ ಮೀನಿನ ಟೆಂಪೊ ಓಡಿಸುತ್ತಾನೆ. ಬೆಳಿಗ್ಗೆ ತಾಯಿಯನ್ನೂ ಬುಟ್ಟಿಯನ್ನೂ ಬಸ್ರೂರಿನಲ್ಲಿ ಇಳಿಸಿ ಹೋಗುತ್ತಾನೆ. ಮಾತು ಕಡಿಮೆ, ಸಿಟ್ಟಂತೂ ಇಲ್ಲವೇ ಇಲ್ಲ. ಸೊಸೆ ಸ್ನೇಹಲತಾ ಗೋಡಂಬಿ ಕಾರ್ಖಾನೆಗೆ ಹೋಗುತ್ತಾಳೆ. ಹಾಗಾಗಿ ಮೊಮ್ಮಗಳು ನಿಶ್ಮಿತಾ ಬೆಳೆದದ್ದು ಅಜ್ಜಿಯ ಸೆರಗು ಹಿಡಿದುಕೊಂಡೇ. ಆರು ವರ್ಷದ ಆ ಹುಡುಗಿಗೆ ಕೈ ಸುಮ್ಮನಿಟ್ಟು ಗೊತ್ತಿಲ್ಲ. ಊಟದ ತಟ್ಟೆ, ಕೊಡಪಾನ, ಶಾಲೆಯ ಚೀಲ, ಮಲಗಿದ ಅಪ್ಪನ ಬೆನ್ನು, ಎಲ್ಲದರ ಮೇಲೂ ಬಾರಿಸುತ್ತಾಳೆ. ಅವಳು ಎಡಚಿ. ಗಟ್ಟಿ ಪೆಟ್ಟು, ಸೂಕ್ಷ್ಮ ಪೆಟ್ಟು ಎಲ್ಲವೂ ಎಡಗೈಯದು.

ಕೋಡಿಯ ಭಜನಾ ಮಂದಿರದಲ್ಲಿ ಪ್ರತಿ ಶನಿವಾರ ಸಂಜೆ ಭಜನೆ. ಅಲ್ಲಿ ತಬಲ ಬಾರಿಸುವವನು ಕುಷ್ಟ, ಪದ್ದುವಿನ ಗಂಡನ ತಮ್ಮ. ಅಣ್ಣ ತೀರಿಕೊಂಡ ಮೇಲೆ ಆ ಮನೆಗೂ ತಾನೇ ಯಜಮಾನ ಎಂದುಕೊಂಡವನು. ಕಳೆದ ಮಾಘದ ಒಂದು ಶನಿವಾರ, ಎರಡು ಭಜನೆಗಳ ನಡುವೆ ಅವನು ನೀರು ಕುಡಿಯಲು ಎದ್ದುಹೋದ. ನಿಶ್ಮಿತಾ ಮೆಲ್ಲ ಸರಿದು ಅವನ ಜಾಗದಲ್ಲಿ ಕೂತಳು. ಬಲಗಡೆ ಇದ್ದ ಸಣ್ಣ ತಬಲಕ್ಕೆ ಎಡಗೈಯನ್ನು ಅಡ್ಡ ಚಾಚಿ, ಎಡಗಡೆಯ ದೊಡ್ಡದಕ್ಕೆ ಬಲಗೈ ಕೊಟ್ಟು ಬಾರಿಸಿದಳು. ಎರಡು ಸುತ್ತು ತಪ್ಪದೆ ಬಂತು. ಹಾರ್ಮೋನಿಯಂ ನುಡಿಸುವವರು ತಿರುಗಿ ನೋಡಿದರು.

ಕುಷ್ಟನೂ ನೋಡಿದ. ಬಂದವನೇ ಕೈಗೆ ಸಿಕ್ಕ ತಾಳದಿಂದ ಮಗುವಿನ ಎಡಗೈ ಮಣಿಕಟ್ಟಿಗೆ ಒಂದು ಕೊಟ್ಟ.

“ದೇವ್ರ್ ಎದ್ರ್ ಎಡ್ಗೈ ಎಂತಕೆ? ಹೆಣ್ಮಕ್ಳಿಗೆ ತಾಳ ಸಾಕ್” ಎಂದ.

ಮಗು ಅಳಲಿಲ್ಲ. ಕೈಯನ್ನು ಲಂಗದ ಅಡಿಗೆ ಸೇರಿಸಿಕೊಂಡಿತು. ಅತ್ತಿದ್ದರೆ ಪದ್ದು ಎತ್ತಿ ಸಮಾಧಾನ ಮಾಡಿ ಸುಮ್ಮನಾಗುತ್ತಿದ್ದಳೇನೋ. ಆ ಅಡಗಿಸಿಕೊಂಡ ಕೈ ನೋಡಿ ಅವಳ ಸಿಟ್ಟು ನೆತ್ತಿಗೇರಿತು. ಮಂಗಳಾರತಿ ಆಗುವ ಮೊದಲೇ ಎದ್ದು ನಿಂತು ಕುಷ್ಟನ ಏಳು ತಲೆಮಾರನ್ನೂ ಬೈದಳು. ಅದರಲ್ಲಿ ತನ್ನ ಗಂಡನೂ ಬರುತ್ತಾನೆ ಎನ್ನುವುದು ಆಮೇಲೆ ನೆನಪಾಯಿತು. ಮಗುವಿಗೆ ಅದರದ್ದೇ ಆದ ತಬಲ ತರುತ್ತೇನೆ, ಇದೇ ಮಂದಿರದಲ್ಲಿ ಬಾರಿಸುತ್ತದೆ ಎಂದು ಎಲ್ಲರ ಎದುರು ಹೇಳಿಬಿಟ್ಟಳು. ತಂದರೆ ತನ್ನಿ, ಆದರೆ ಇಲ್ಲಿ ಕೂರುವುದಾದರೆ ಮೊದಲು ಬಲಗೈ ರೂಢಿ ಮಾಡಿಸಿ ಎಂದು ಕುಷ್ಟ ಅಂದ. ಉಳಿದವರು ಅವನ ಮಾತಿಗೆ ತಲೆ ಆಡಿಸಿದರು. ಆ ತಲೆಗಳನ್ನು ಪದ್ದು ಒಂದೊಂದಾಗಿ ನೋಡಿ ನೆನಪಿಟ್ಟುಕೊಂಡಳು.

ಮರುದಿನದಿಂದ ಮನೆಯಲ್ಲಿ ಸದ್ದಿಲ್ಲ. ತಟ್ಟೆಯ ಮೇಲೆ ಬೆರಳಾಡಲಿಲ್ಲ, ಕೊಡಪಾನ ಮೂಕಾಯಿತು. ಮಗು ಕೂತಲ್ಲೆಲ್ಲ ಎಡಗೈಯನ್ನು ತೊಡೆಯ ಅಡಿಗೆ ಇಟ್ಟುಕೊಂಡು ಕೂರುತ್ತಿತ್ತು. ಮೊದಲಾದರೆ “ಸುಮ್ನಿರ್ ಮಾರಾಯ್ತಿ” ಎಂದು ದಿನಕ್ಕೆ ಹತ್ತು ಸಲ ಗದರುತ್ತಿದ್ದ ಪದ್ದುವಿಗೆ ಈಗ ಆ ಮೌನ ಸಹಿಸಲು ಆಗಲಿಲ್ಲ.

ಸಲಹೆ ಕೊಡುವವರಿಗೆ ಬರ ಇರಲಿಲ್ಲ. ಶಾಲೆಯ ಮಕ್ಕಳೆಲ್ಲ ಕೀಬೋರ್ಡಿಗೆ ಹೋಗುತ್ತಾರೆ, ಅದನ್ನೇ ಕೊಡಿಸುವ ಎಂದು ಸ್ನೇಹಲತಾ ಅಂದಳು. ಹೆಣ್ಣುಮಗುವಿಗೆ ಹಾರ್ಮೋನಿಯಂ ಚಂದ ಎಂದರು ನೆರೆಯವರು. ಹಾರ್ಮೋನಿಯಂ ಹೇಗೆ ನುಡಿಸುತ್ತಾರೆಂದು ಪದ್ದು ಶನಿವಾರ ಶನಿವಾರ ನೋಡಿದವಳೇ. ಬಲಗೈ ಹಾಡು ನುಡಿಸುತ್ತದೆ, ಎಡಗೈಗೆ ಗಾಳಿ ಹಾಕುವ ಚಾಕರಿ. ಅದೂ ಬೇಡ ಎಂದಳು.

ಒಂದು ಭಾನುವಾರ ಮಗುವನ್ನು ಕರೆದುಕೊಂಡು ಕುಂದಾಪುರ ಪೇಟೆಯ ವಾದ್ಯದ ಅಂಗಡಿಗೆ ಹೋದಳು. ಮಿಂದು, ಮಡಿಕೆ ಮುರಿಯದ ಸೀರೆ ಉಟ್ಟು ಹೋದರೂ ಅಂಗಡಿಯವನ ಮೂಗು ಒಮ್ಮೆ ಸುಕ್ಕಾಯಿತು. ಮಗು ಗಾಜಿನ ಮೇಲೆ ಕೈಯಿಟ್ಟದ್ದೇ ಬಟ್ಟೆ ತಂದು ಒರೆಸಿದ. ಎಡಗೈಯವರಿಗೆ ಮಾಡಿದ ತಬಲವೇ ಬೇರೆ, ಅದು ಬೊಂಬಾಯಿಯಿಂದ ಬರಬೇಕು, ತಿಂಗಳುಗಟ್ಟಲೆ ಕಾಯಬೇಕು, ಬೆಲೆಯೂ ದುಪ್ಪಟ್ಟು ಎಂದ. ಅದರ ಬದಲು ಈ ಕೀಬೋರ್ಡು ನೋಡಿ ಎಂದು ಧೂಳು ಕೊಡವಿ ಒಂದನ್ನು ಮುಂದಿಟ್ಟ. ನಿನ್ನೆಯ ಮೀನನ್ನು ಮೊದಲು ದಾಟಿಸುವುದು ಹೇಗೆಂದು ಪದ್ದುವಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವನು ಕಿವಿ ಮೇಲೆ ಹೂವಿಡುತ್ತಿದ್ದಾನೆ ಎಂದು ಗೊತ್ತಾಯಿತು. ಆದರೆ ತಬಲದ ವಿಷಯ ತನಗೆ ತಿಳಿಯದು, ಬೈಯಲು ಹಿಡಿತ ಸಿಗಲಿಲ್ಲ. ಹಲ್ಲು ಕಚ್ಚಿಕೊಂಡು ಮೆಟ್ಟಿಲಿಳಿದು, ಶಾಸ್ತ್ರಿ ಸರ್ಕಲ್ಲಿಗೆ ನಡೆದು ಸಾಲಿಗ್ರಾಮದ ಬಸ್ಸು ಹತ್ತಿದಳು.

ಸಾಲಿಗ್ರಾಮದಲ್ಲಿ ಗುಡ್ಡ ಎಂಬವನಿದ್ದ. ಯಕ್ಷಗಾನ ಮೇಳಗಳ ಮದ್ದಳೆ, ಚಂಡೆಗೆ ಚರ್ಮದ ಮುಚ್ಚಿಗೆ ಹಾಕಿಕೊಡುವವನು, ತಬಲವನ್ನೂ ಮಾಡುತ್ತಿದ್ದ. ಪದ್ದು ಕುಷ್ಟನಿಂದ ಶುರುಮಾಡಿ ಅಂಗಡಿಯವನ ತನಕ ಎಲ್ಲರನ್ನೂ ಬೈದು ಮುಗಿಸುವವರೆಗೆ ಅವನು ಕಾದ. ಮಗುವಿನ ಅಂಗೈ ಬಿಡಿಸಿ ನೋಡಿದ. ಸಣ್ಣ ಅಳತೆಯ ಮೂರು ತಬಲ ತಂದು ಅದರ ಎದುರಿಟ್ಟು, ತಾನು ಹೋಗಿ ಒಂದು ಮದ್ದಳೆಯ ಬಾರು ಬಿಗಿಯುತ್ತ ಕೂತ. ಹುಡುಗಿ ಎಡಗೈಯನ್ನು ತೊಡೆಯಡಿಯಿಂದ ತೆಗೆಯಲೇ ಇಲ್ಲ. ಪದ್ದು ಗದರಲು ಬಾಯಿ ತೆರೆದರೆ ಗುಡ್ಡ ಕಣ್ಣಲ್ಲೇ ತಡೆದ. ಬಹಳ ಹೊತ್ತಿನ ಮೇಲೆ ಕೈ ಹೊರಗೆ ಬಂತು. ಮೊದಲನೆಯದನ್ನು ತಟ್ಟಿ ಬಿಟ್ಟಿತು, ಎರಡನೆಯದನ್ನೂ ಬಿಟ್ಟಿತು, ಮೂರನೆಯದರ ಮೇಲೆ ನಿಂತಿತು. ಅದರ ನಾದ ಉಳಿದೆರಡಕ್ಕಿಂತ ಉದ್ದ ಇತ್ತು. ಪದ್ದುವಿನ ಕಿವಿಗೂ ಅದು ತಿಳಿಯಿತು.

“ಇದೇ ಅದ್ರದ್ದ್” ಎಂದ ಗುಡ್ಡ. “ಎಡ್ಗೈ ತಬ್ಲ ಅಂದ್ ಬೇರೆ ಇಲ್ಲೆ ಅಕ್ಕ. ಇದ್ನೇ ಎಡ್ಗಡಿಗ್ ಇಟ್ಟ್, ದೊಡ್ಡದ್ನ ಬಲ್ಗಡಿಗ್ ಇಟ್ರೆ ಆಯ್ತ್.”

ಅಷ್ಟೇ. ಜಾಗ ಬದಲಿಸಿದರೆ ಮುಗಿಯಿತು. ಇಷ್ಟು ಸಣ್ಣ ವಿಷಯಕ್ಕೆ ಒಬ್ಬ ಮಗುವಿಗೆ ಹೊಡೆದ, ಇನ್ನೊಬ್ಬ ಬೊಂಬಾಯಿ ತೋರಿಸಿದ. ಬಸ್ಸಿನಲ್ಲಿ ಪದ್ದು ತಬಲದ ಜೋಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕುದಿಯುತ್ತಲೇ ಬಂದಳು.

ಮನೆಯಲ್ಲಿ ಸುಧಾಕರ ಚಾ ಕುಡಿಯುತ್ತಿದ್ದ. ಅವನೆದುರು ಮತ್ತೆ ಮೊದಲಿನಿಂದ ಶುರುವಾಯಿತು. ಕುಷ್ಟ ಮನುಷ್ಯನೇ ಅಲ್ಲ. ಮಕ್ಕಳ ಕೈಗೆ ಹೊಡೆಯುವವರ ಕೈಗೆ ಹುಳ ಬೀಳಬೇಕು. ದೇವರು ಕೊಟ್ಟ ಕೈಯಲ್ಲಿ ಎಡ ಯಾವುದು ಬಲ ಯಾವುದು. ಸುಧಾಕರ ಲೋಟ ಕೆಳಗಿಟ್ಟ.

“ಅಮ್ಮ, ನನ್ ಕೈ ಒಂದ್ಸಲ ಕಾಣ್” ಎಂದ.

ಎಡಗೈಯನ್ನು ಮಗುಚಿ ಅವಳ ಮುಂದೆ ಹಿಡಿದ. ಕೈಯ ಹಿಂಭಾಗದಲ್ಲಿ, ಬೆರಳುಗಳ ಬುಡದಿಂದ ಮಣಿಕಟ್ಟಿನವರೆಗೆ, ರೋಮವಿಲ್ಲದ ನುಣುಪು ಕಲೆ.

“ಚಿಕ್ಕಯ್ಯ ತಾಳ ತಕಂಡ್ ಹೊಡ್ದ. ನೀ ಸೌಟ್ ಕಾಯ್ಸಿ ಇಟ್ಟದ್. ನಾನೂ ಬುಟ್ಟಿ ಮೇಲೆ ಬಾರ್ಸ್ತಿದ್ದೆ, ನೆನ್ಪಿತ್ತಾ?”

ಪದ್ದುವಿಗೆ ಎಲ್ಲವೂ ನೆನಪಿತ್ತು. ಸುಧಾಕರನಿಗೆ ಆಗ ಏಳು ವರ್ಷ. ಶಾಲೆಗೆ ರಜೆ ಎಂದು ಬಸ್ರೂರಿಗೆ ಕರೆದುಕೊಂಡು ಹೋಗಿದ್ದಳು. ದೊಡ್ಡ ಮನೆಯೊಂದರ ಅಂಗಳದಲ್ಲಿ, ದಿನದ ಮೊದಲ ವ್ಯಾಪಾರ, ಅವನು ಎಡಗೈಯಲ್ಲಿ ಬಂಗ್ಡೆ ಎತ್ತಿ ಒಡತಿಯ ಪಾತ್ರೆಗೆ ಹಾಕಿದ. ಬೋಣಿಯ ಹೊತ್ತಿಗೆ ಎಡಗೈ ನೀಡುವ ಜಾತಿಯೇ ನಿಮ್ಮದು ಎಂದು ಆಕೆ ಪಾತ್ರೆಯನ್ನು ಅಂಗಳಕ್ಕೆ ಕವುಚಿದಳು. ಪದ್ದು ಒಂದು ಮಾತೂ ಆಡದೆ ಮಣ್ಣಾದ ಮೀನನ್ನು ಹೆಕ್ಕಿದಳು. ಒಡತಿಗೆ ಹೇಳಬೇಕಾಗಿದ್ದ ಮಾತನ್ನೆಲ್ಲ ಕೋಡಿಯವರೆಗೆ ಹೊತ್ತು ತಂದು, ಒಲೆಯಲ್ಲಿ ಸೌಟು ಕಾಯಿಸಿ ಮಗನ ಕೈಮೇಲೆ ಇಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಅದು ಇದೇ. ಹುಡುಗ ಬಲಗೈಯವನಾದ. ಒಳ್ಳೆ ಬುದ್ಧಿ ಕಲಿಸಿದಿ ಎಂದು ಊರು ಅವಳನ್ನು ಹೊಗಳಿತ್ತು.

ಮೊದಲು ಅವಳಿಗೆ ಮಗನ ಮೇಲೇ ಸಿಟ್ಟು ಬಂತು. ಇಷ್ಟು ವರ್ಷ ಬಾಯಿ ಬಿಡದೆ ಇವತ್ತೇ ಹೇಳಬೇಕಿತ್ತೇ? ಅದೇ ಕೈಯಲ್ಲಿ ಟೆಂಪೊದ ಗೇರು ಹಾಕುತ್ತ ದಿನವೂ ಪಕ್ಕದಲ್ಲಿ ಕೂತಿದ್ದನಲ್ಲ. ಆಮೇಲೆ ಸಿಟ್ಟು ಮಾಡಲು ಬೇರೆ ಯಾರೂ ಉಳಿಯಲಿಲ್ಲ. ಆ ವಾರ ಪೂರ್ತಿ ಅವಳು ಯಾರನ್ನೂ ಬೈಯಲಿಲ್ಲ, ಮೈಗೆ ಸರಿಯಿಲ್ಲವೇ ಎಂದು ಜನ ಕೇಳಿದರು.

ಶನಿವಾರ ತಬಲದ ಜೋಡಿಯನ್ನು ತಾನೇ ಮಂದಿರಕ್ಕೆ ಹೊತ್ತಳು. ಕುಷ್ಟನ ಪಕ್ಕದಲ್ಲಿ ಮಗುವನ್ನು ಕೂರಿಸಿ, ಸಣ್ಣದನ್ನು ಎಡಕ್ಕೂ ದೊಡ್ಡದನ್ನು ಬಲಕ್ಕೂ ಇಟ್ಟಳು. ಕುಷ್ಟ ಅದನ್ನು ಬದಲಿಸಲು ಕೈ ಚಾಚಿದ.

“ಅದ್ನ ಮುಟ್ಬೇಡ ಕುಷ್ಟ” ಎಂದಳು. ದನಿ ಏರಲಿಲ್ಲ. “ನಿಂಗ್ ಬೈಯುಕೆ ನಂಗ್ ಮೋರೆ ಇಲ್ಲೆ. ನಮ್ ಸುಧಾಕರನ್ ಎಡ್ಗೈ ಸುಟ್ಟದ್ ನಾನೇ, ಇದೇ ಕೈಯಲ್ಲಿ. ನೀವೆಲ್ಲ ಆಗ ಸಮಾ ಮಾಡ್ದೆ ಅಂದ್ರಿ. ಈ ಹೆಣ್ಣಿನ್ ಕೈ ಮುಟ್ಟೂದಾದ್ರೆ ಮೊದ್ಲ್ ನನ್ ಕೈ ಸುಡಿ.”

ಬಲಗೈಯನ್ನು ದೇವರ ದೀಪದ ಪಕ್ಕದಲ್ಲಿ ಚಾಚಿ ಹಿಡಿದಳು, ತೆಗೆಯಲಿಲ್ಲ. ಈ ಸಲ ಯಾರೂ ತಲೆ ಆಡಿಸಲಿಲ್ಲ. ಕುಷ್ಟ ತನ್ನ ಕೈ ಹಿಂದಕ್ಕೆ ತೆಗೆದುಕೊಂಡು, ಹಾರ್ಮೋನಿಯಂನವರಿಗೆ ಶುರುಮಾಡಿ ಎಂದು ಸನ್ನೆ ಮಾಡಿದ.

ನಿಶ್ಮಿತಾ ಬಾರಿಸಿದಳು. ನಡುವೆ ಒಮ್ಮೆ ತಪ್ಪಿದಳು, ಮತ್ತೆ ಹಿಡಿದುಕೊಂಡಳು. ಬಾಗಿಲ ಹತ್ತಿರ ನಿಂತಿದ್ದ ಸುಧಾಕರ ಮಗಳ ಕೈಯನ್ನೇ ನೋಡುತ್ತಿದ್ದ. ಪದ್ದು ಎದ್ದು ಹೋಗಿ, ಒಳಗೆ ಬಂದು ಕೂರು ಮಗ ಎಂದು ಮೆಲ್ಲ ಕರೆದಳು. ಅವನು ಅವಳ ಮುಖ ನೋಡಿದ. ಅಷ್ಟು ಸಿಟ್ಟನ್ನು ಅವಳು ಆ ಕಣ್ಣಲ್ಲಿ ಎಂದೂ ಕಂಡಿರಲಿಲ್ಲ. ಟೆಂಪೊ ದಾರಿಗೆ ಅಡ್ಡ ನಿಲ್ಲಿಸಿದ್ದೇನೆ ಎಂದು ಹೇಳಿ ಅವನು ಇಳಿದುಹೋದ. ದಾರಿಗೆ ಅಡ್ಡ ಏನೂ ಇರಲಿಲ್ಲ. ಪದ್ದು ಹಿಂದಿನಿಂದ ಕೂಗಲಿಲ್ಲ, ಬಂದು ಮೊಮ್ಮಗಳ ಬೆನ್ನ ಹಿಂದೆ ಕೂತಳು.