ಚೀನಾದವಳು ಕೊಟ್ಟ ಕಪ್ಪು ಚೂರುಗಳು

ಮಕ್ಕಳೇ, ನೀವು ಫ್ರಿಜ್ಜಿನ ನೀರು ಕುಡಿಯುತ್ತಾ ಊಟ ಮಾಡುವುದನ್ನು ಕಂಡಾಗ ನನಗೆ ನಿಮ್ಮ ಅಜ್ಜನ ಹೊಟ್ಟೆ ನೆನಪಾಗುತ್ತದೆ.

ತೊಂಬತ್ತರ ದಶಕ. ನಾವಾಗ ಕತಾರಿನಲ್ಲಿ, ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲಾಟಿನಲ್ಲಿದ್ದೆವು. ಅಜ್ಜ ಏನು ತಿಂದರೂ ಹೊಟ್ಟೆ ಉಬ್ಬುತ್ತಿತ್ತು, ಎದೆ ಉರಿಯುತ್ತಿತ್ತು. ಹಿಂದಿನ ರಂಜಾನಿನಲ್ಲಿ ಉಪವಾಸವನ್ನು ಅರ್ಧಕ್ಕೆ ಬಿಡಬೇಕಾಗಿತ್ತು. ಊರೆಲ್ಲ ಉಪವಾಸವಿರುವಾಗ ಬಾಗಿಲು ಹಾಕಿಕೊಂಡು ಉಣ್ಣುವುದೆಂದರೆ ಅವರಿಗೆ ಜೀವ ಹೋಗುವಷ್ಟು ನಾಚಿಕೆ. ಈ ಸಲವಾದರೂ ಪೂರ್ತಿ ಹಿಡಿಯಬೇಕೆಂದು ಕ್ಲಿನಿಕ್ಕಿನ ಗುಳಿಗೆ ನುಂಗುತ್ತಿದ್ದರು.

ಕೆಳಗಿನ ಮನೆಯಲ್ಲಿ ಚೀನಾದ ಹೆಂಗಸೊಬ್ಬಳಿದ್ದಳು. ಗಂಡ ಹೋಟೆಲಿನಲ್ಲಿ ಅಡುಗೆಯವ. ಅಜ್ಜ ಮೆಟ್ಟಿಲು ಹತ್ತುತ್ತಾ ತೇಗುವುದು ಅವಳಿಗೂ ಕೇಳಿಸಿರಬೇಕು. ಒಂದು ಬೆಳಿಗ್ಗೆ ಬಂದು ನನ್ನ ಕೈಗೆ ಪೊಟ್ಟಣವೊಂದನ್ನಿಟ್ಟಳು.

"ಮೇಡಂ, ಬಾಬಾ ಪೇಟ್ ಮಾಫಿ ಗುಡ್."

ಬಾಬಾ ಎಂದರೆ ನಿಮ್ಮ ಅಜ್ಜ, ಅವರ ಹೊಟ್ಟೆ ಸರಿಯಿಲ್ಲ ಎಂದು. ಗಲ್ಫಿನಲ್ಲಿ ಇಲ್ಲ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ 'ಮಾಫಿ'ಯೇ. ಪೊಟ್ಟಣದೊಳಗಿನದನ್ನು ಕುದಿಸಬೇಕೆಂದು ಕೈಯಲ್ಲಿ ತೋರಿಸಿದಳು.

"ಠಂಡಾ ಪಾನಿ ಮಾಫಿ. ಪೇಟ್ ಫುಲ್ ಮಾಫಿ. ಖಾನಾ ಖಲಾಸ್, ಸೋನಾ ಮಾಫಿ. ಚಲೋ, ಚಲೋ!"

ತಣ್ಣೀರು ಬೇಡ, ಹೊಟ್ಟೆ ಬಿರಿಯ ಉಣ್ಣುವುದು ಬೇಡ, ಉಂಡ ಕೂಡಲೇ ಮಲಗದೆ ನಡೆಯಬೇಕು ಎಂದು ಅರ್ಥಮಾಡಿಕೊಂಡೆ.

ಪೊಟ್ಟಣ ಬಿಚ್ಚಿದರೆ ಸುರುಟಿಕೊಂಡ ಕಪ್ಪು ಚೂರುಗಳು. ಮೇಲೆಲ್ಲ ಸಣ್ಣ ಸಣ್ಣ ತೂತು, ರೋಮ ಕಿತ್ತ ಚರ್ಮದ ಹಾಗೆ. ಹಂದಿಯದ್ದೋ, ಹಾವಿನದ್ದೋ? ಉಪವಾಸಕ್ಕಾಗಿ ಹೊಟ್ಟೆ ಸರಿಮಾಡಲು ಹೋಗಿ ಹರಾಮಾದದ್ದನ್ನು ಕುಡಿಸಿಬಿಟ್ಟರೆ? ಕೇಳೋಣವೆಂದರೆ ನಾಚಿಕೆ, ಕೇಳುವುದಾದರೂ ಯಾವ ಭಾಷೆಯಲ್ಲಿ? ಪೊಟ್ಟಣವನ್ನು ಅಕ್ಕಿ ಡಬ್ಬದ ಹಿಂದೆ ತಳ್ಳಿದೆ. ಅಜ್ಜನಿಗೆ ಹೇಳಲಿಲ್ಲ.

ರಂಜಾನ್ ಹತ್ತಿರವಾಗುತ್ತಿತ್ತು. ಬಟ್ಟೆ ಒಣಗಿಸುವ ನೆಪದಲ್ಲಿ ಬಗ್ಗಿ ಅವಳ ಬಾಲ್ಕನಿಯ ಮೇಲೆ ಕಣ್ಣಿಟ್ಟೆ. ಒಂದು ದಿನ ಅವಳು ಕಿತ್ತಳೆ ಸುಲಿದು ಸಿಪ್ಪೆಯನ್ನು ದಾರಕ್ಕೆ ಪೋಣಿಸಿ ತೂಗುಹಾಕಿದಳು. ಪಕ್ಕದಲ್ಲೇ ಹಳೆಯ ಸಿಪ್ಪೆಯ ಸರ, ಒಣಗಿ ಕಪ್ಪಾದದ್ದು. ತಲೆಯೆತ್ತಿ ನನ್ನನ್ನು ಕಂಡಳು. ನಗುತ್ತಾ ಒಂದು ಕಪ್ಪು ಚೂರನ್ನು ಮುರಿದು ಬಾಯಿಗೆ ಹಾಕಿಕೊಂಡು ಅಗಿದು ತೋರಿಸಿದಳು.

ಆದರೂ ಪೂರ್ತಿ ನಂಬಿಕೆ ಬರಲಿಲ್ಲ. ಪೊಟ್ಟಣದ ಚೂರುಗಳಿಗೆ ಶುಂಠಿ ಜಜ್ಜಿ ಹಾಕಿ ಕುದಿಸಿ ಮೊದಲು ನಾನೇ ಕುಡಿದು, ಸಂಜೆಯವರೆಗೆ ನನ್ನ ಹೊಟ್ಟೆಯನ್ನೇ ಕಾಯುತ್ತಾ ಕೂತೆ. ಏನೂ ಆಗಲಿಲ್ಲ. ಮರುದಿನದಿಂದ ಶುಂಠಿ ಕಷಾಯವೆಂದು ಅಜ್ಜನಿಗೂ ಕೊಟ್ಟೆ. ಫ್ರಿಜ್ಜಿನೊಳಗಿನ ನೀರಿನ ಬಾಟಲಿಗಳನ್ನು ಹೊರಗಿಟ್ಟೆ. ಊಟವಾದ ಕೂಡಲೇ ಹಾಲು ಮುಗಿದಿದೆಯೆಂದು ಅಂಗಡಿಗೆ ನಡೆಸಿದೆ.

"ದಿನಾ ಅಷ್ಟು ಹಾಲು ಕುಡಿಯುವುದು ಯಾರು ಮಾರಾಯ್ತಿ? ಬೆಕ್ಕು ಸಾಕಿದ್ದೀಯಾ?" ಎನ್ನುತ್ತಿದ್ದರು.

ರಂಜಾನಿನ ಮೊದಲ ದಿನಗಳು ಸುಸೂತ್ರವಾಗಿ ಕಳೆದವು. ಗುಳಿಗೆಯಿಂದಲೋ, ಸಿಪ್ಪೆಯಿಂದಲೋ, ನಡಿಗೆಯಿಂದಲೋ ನನಗೆ ಇವತ್ತಿಗೂ ಗೊತ್ತಿಲ್ಲ. ಗುಳಿಗೆಯನ್ನಂತೂ ನಾನು ಬಿಡಿಸಿರಲಿಲ್ಲ.

ಒಂದು ಸಂಜೆ ಮಸೀದಿಯ ಬಾಂಗ್ ಕೇಳಿಸಿದ ಮೇಲೆ ಅಜ್ಜ ಖರ್ಜೂರ ತಿಂದು ತಣ್ಣನೆಯ ಶರಬತ್ತಿಗೆ ಕೈಚಾಚಿದರು. ನಾನು ಬಿಸಿ ಲೋಟವನ್ನು ಮುಂದಿಟ್ಟೆ. ಅವರು ಅದನ್ನು ಮೂಸಿ, ಬೆಳಕಿಗೆ ಹಿಡಿದು ನೋಡಿದರು.

"ಸತ್ಯ ಹೇಳು, ನನಗೆ ಎಂತದೋ ಕುಡಿಸ್ತಾ ಇದ್ದಿ."

"ಹೊಟ್ಟೆ ಹೇಗುಂಟು?"

"ಹೊಟ್ಟೆ ಸರಿ ಉಂಟು. ನಿನ್ನ ಮೇಲೆಯೇ ಸಂಶಯ."

"ಕಿತ್ತಳೆ ಸಿಪ್ಪೆ. ಕೆಳಗಿನ ಚೀನಾದವಳು ಕೊಟ್ಟದ್ದು."

ಲೋಟವನ್ನು ನನ್ನ ಕಡೆಗೆ ತಳ್ಳಿದರು. "ಹಾಗಾದ್ರೆ ಮೊದಲು ನೀನು ಕುಡಿ."

ಒಂದು ಗುಟುಕು ಕುಡಿದೆ. ನನ್ನ ಮುಖವನ್ನೇ ನೋಡುತ್ತಾ ಕೂತು, ಆಮೇಲೆ ಉಳಿದದ್ದನ್ನು ಕುಡಿದರು.

ಆ ತಿಂಗಳು ಅವರಿಗೆ ಒಂದು ಉಪವಾಸವೂ ತಪ್ಪಲಿಲ್ಲ. ದಿನಾ ಸಂಜೆ ಮೊದಲ ಗುಟುಕನ್ನು ಮಾತ್ರ ನನಗೇ ಕುಡಿಸುತ್ತಿದ್ದರು.